ಸುಮಿತ್ರಾಬಾಯಿಗೆ ತಾಳ ಕೇಳಿಸಿದ ಸೋಮವಾರ

ಭಾಗ್ಯಜ್ಯೋತಿ ಮೈಕ್ ಸೆಟ್ಟಿನ ಈಕ್ವಲೈಜರಿನಲ್ಲಿ ಚೂಪು ದನಿ ಏರಿಸುವ ಕೊನೆಯ ಗುಂಡಿಯನ್ನು ಪೂರ್ತಿ ಮೇಲಕ್ಕೆ ಸರಿಸಿದಳು. ಅಂದೋಲಾ ಊರಿನ ಬಸವಣ್ಣನ ಗುಡಿಯ ಅಂಗಳದಲ್ಲಿ ಮಲಗಿದ್ದ ನಾಯಿಗಳೆಲ್ಲ ಒಮ್ಮೆಲೇ ಎದ್ದು ನಿಂತವು.

“ಈಗ ಕೇಳಸ್ತದೇನ್ರಿ ಅತ್ತಿ?”

ಸುಮಿತ್ರಾಬಾಯಿಯ ಮುಖ ಅರಳಿತು. “ತಾಳ ಕೇಳಾಕತ್ತದಲ್ಲ ಬೇ! ಎಷ್ಟ್ ವರ್ಸ ಆಗಿತ್ತು ಈ ಕಿಣಿಕಿಣಿ ಕೇಳಿ!”

ಢೋಲಕಿನ ದಪ್ಪ ದನಿ ಅವಳ ಕಿವಿಗೆ ಇನ್ನೂ ಬೀಳುತ್ತಿತ್ತು. ಸಣ್ಣ, ಚೂಪು ದನಿಗಳು ಮಾತ್ರ ಒಂದೊಂದಾಗಿ ಬಿಟ್ಟುಹೋಗಿದ್ದವು. ಸೋಮವಾರದ ಭಜನೆಗೆ ಮುಂದೆ ಕೂತು ಹಾಡುವವಳು ಅವಳು, ತಾಳ ಹಿಡಿಯುವವನು ಗಂಡ ದೌಲತರಾಯ. “ಇಕಿಗಿ ತಾಳ ಕೇಳ್ಸಂಗಿಲ್ಲ, ದಾರಿ ತಪ್ಪಾಕತ್ತಾಳ. ಇದೊಂದ್ ವಾರ ನೋಡಮು, ಆಮ್ಯಾಲ ಬ್ಯಾರೇದವರು ಹಾಡ್ಲಿ” ಎಂದು ಅವನು ಮೇಳದವರೆದುರೇ ಹೇಳಿಬಿಟ್ಟಿದ್ದ. ಅಂದಿನಿಂದ ಮುದುಕಿಗೆ ರೊಟ್ಟಿ ಗಂಟಲಲ್ಲಿ ಇಳಿದಿರಲಿಲ್ಲ. ಸೊಸೆ ಮೊಬೈಲಿನಲ್ಲಿ ಚೂಪು ದನಿಗಳನ್ನು ಏರಿಸಿ ಇಯರ್‌ಫೋನ್ ಕೊಟ್ಟರೆ, “ದೇವರ ಮುಂದ ಕಿವ್ಯಾಗ ಏನರೆ ತುರುಕ್ಕೊಂಡು ಕೂಡ್ತಾರೇನ್?” ಎಂದು ಕಿತ್ತಿಟ್ಟಿದ್ದಳು. ಹಾಗಾಗಿ ಭಾಗ್ಯಜ್ಯೋತಿ ಇವತ್ತು ಯಡ್ರಾಮಿಯಿಂದ ಬಾಡಿಗೆಗೆ ತಂದ ಮೈಕ್ ಸೆಟ್ಟನ್ನೇ ಅತ್ತೆಯ ಕಿವಿಗೆ ಹೊಂದಿಸಿದ್ದಳು.

ಭಜನೆ ಶುರುವಾಯಿತು. ತಾಳ ಬಿದ್ದಾಗಲೆಲ್ಲ ಉಳಿದವರಿಗೆ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಹಾರ್ಮೋನಿಯಂ ಹಿಡಿದ ಭೀಮಶಾ ಭಾಗ್ಯಜ್ಯೋತಿಗೆ ಕಣ್ಣಲ್ಲೇ ಕೈಮುಗಿದ. ಎದ್ದು ಹೋಗುವಂತಿಲ್ಲ. ಈ ಗುಡಿಯಲ್ಲಿ ಭಜನೆಗೆ ಕೂತವರು ಮಂಗಳಾರತಿಗೆ ಮುಂಚೆ ಏಳುವ ರೂಢಿಯೂ ಇಲ್ಲ, ನಡುವೆ ನಿಲ್ಲಿಸುವ ರೂಢಿಯೂ ಇಲ್ಲ.

ಮೊದಲ ಪದ ಮುಗಿದದ್ದೇ ತಡ, ದೌಲತರಾಯ ಸೊಸೆಯ ಕಡೆ ಬಾಗಿದ. “ಯವ್ವಾ ಭಾಗ್ಯಾ, ತೆಲಿ ಸೀಳಾಕತ್ತದ. ಇಳಸು!”

“ಇಳಿಸಿದ್ರ ಅತ್ತಿಗಿ ಕೇಳ್ಸಂಗಿಲ್ರಿ ಮಾವ.”

“ಹಂಗಾರ ಆ ಹತ್ತಿ ಇತ್ತಾಗ ಕೊಡು.”

ದೀಪದ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯ ಬುಟ್ಟಿ ಪ್ರಸಾದದಂತೆ ಕೈಯಿಂದ ಕೈಗೆ ಹೋಯಿತು. ಎರಡನೆಯ ಪದ ಎತ್ತುವಷ್ಟರಲ್ಲಿ ಮೇಳದವರೆಲ್ಲರ ಕಿವಿಗಳಲ್ಲೂ ಹತ್ತಿ ಅರಳಿತ್ತು. ನಾಯಿಗಳು ಆಗಲೇ ತೊಗರಿ ಹೊಲ ದಾಟಿದ್ದವು. ಭಾಗ್ಯಜ್ಯೋತಿಗೆ ಕಿವಿ ಮುಚ್ಚಿಕೊಳ್ಳುವ ಧೈರ್ಯವಾಗಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

ಅತ್ತೆ ಹಾಡುತ್ತಿದ್ದಳು. ಎಷ್ಟು ನೆಟ್ಟಗೆ ಹಾಡುತ್ತಿದ್ದಳೆಂದರೆ, ಸೊಸೆಯ ಕಣ್ಣು ತುಂಬಿ ಬಂತು. ಒಮ್ಮೆಲೇ ಆ ಮುಖ ಗಂಟಿಕ್ಕಿತು. ಸುಮಿತ್ರಾಬಾಯಿ ಹಾಡು ನಿಲ್ಲಿಸಿ, ಗಂಡನತ್ತ ತಿರುಗಿ ಕೈ ಮಾಡಿ, ಮೂಗಿನ ಕೆಳಗಿದ್ದ ಮೈಕನ್ನೂ ಮರೆತು ಕೂಗಿದಳು:

“ಏನ್ರಿ, ತಪ್ಪಾಕತ್ತವರು ನೀವ! ಮದ್ಲಿನ ಪದದಾಗೂ ನೀವ, ಈಗೂ ನೀವ!”

ಮಾತು ಗುಡಿಯ ಗೋಡೆಗಳಿಗೆಲ್ಲ ಬಡಿದು ಬಂತು. ಭಾಗ್ಯಜ್ಯೋತಿ ಬೆಚ್ಚಿ ಸುತ್ತಲೂ ನೋಡಿದಳು. ಸುಮಿತ್ರಾಬಾಯಿಯ ತುಟಿ ನಿಂತದ್ದು ಕಂಡು, ಮೇಳದವರೆಲ್ಲ ಕಣ್ಣು ಮುಚ್ಚಿ ಭಕ್ತಿಯಿಂದ ಪಲ್ಲವಿ ಎತ್ತಿಕೊಂಡರು. ಹೆಂಡತಿ ಸಭೆಯಲ್ಲಿ ತನ್ನತ್ತ ಕೈ ಮಾಡಿ ಏನೋ ಹೇಳಿದ್ದು ಕಂಡ ದೌಲತರಾಯ, ಹೊಗಳಿದಳೆಂದೇ ಹಿಗ್ಗಿ, ತಾಳವನ್ನು ಇನ್ನೂ ಜೋರಾಗಿ ಬಡಿಯತೊಡಗಿದ.