ಪಂಪು ಆರಿಸಬೇಡಿ

"ಅದನ್ನ ಮುಟ್ಟಿದ್ರೆ ನೋಡಿ ಮತ್ತೆ!" ಕಾರಿನ ಹಿಂದಿನ ಸೀಟಿನಿಂದ ಕೃಪಾ ಪಿಸುಗುಟ್ಟಿದಳು.

ಪಂಪಿನ ಸ್ವಿಚ್ಚಿನತ್ತ ಚಾಚಿದ್ದ ಗುರುಕಿರಣನ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದ. ಪಾರ್ಕಿಂಗಿನ ನೆರಳಲ್ಲಿ ನಾಲ್ಕೂ ಬಾಗಿಲು ಹಾರುಹೊಡೆದು ನಿಂತ ಕಾರು. ಒಳಗೆ ಹೆಂಡತಿಯ ತೊಡೆಯ ಮೇಲೆ ಮಗಳು ಮನಸ್ವಿನಿ, ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿ!

ಒಂದೂವರೆ ವರ್ಷದ ಈ ಮಹಾರಾಣಿಗೆ ತೊಟ್ಟಿಲು ಆಗದು, ಹೆಗಲು ಆಗದು. ಕಾರಿನಲ್ಲಿ ಎಸಿ ಹಾಕಿ, ನಮ್ಮ ಬೋಪಾಲ್ ಬಡಾವಣೆಯಿಂದ ಊರಂಚಿನ ಸರ್ಖೇಜಿನ ತನಕ ರಿಂಗ್ ರೋಡಿನಲ್ಲಿ ಸುತ್ತಿಸಿದರೆ ಮಾತ್ರ ಕಣ್ಣು ಮುಚ್ಚುವುದು. ಅದರಲ್ಲೂ ಹಂಪಿನ ಮೇಲೆ ಕಾರು ಚೂರು ಕುಲುಕಿದರೆ ಎದ್ದು ಕೂತು ಕಿರುಚುತ್ತಾಳೆ. ಅಹಮದಾಬಾದಿನ ಮೇ ತಿಂಗಳಲ್ಲಿ ಎಸಿಯ ಗ್ಯಾಸು ಸೋರಿಹೋದದ್ದೇ ತಡ, ಮನೆಯ ಮೂವರ ನಿದ್ದೆಯೂ ಅದರ ಹಿಂದೆಯೇ ಹೋಗಿತ್ತು. ಸೋಮವಾರ ಕೃಪಾ ರಜೆ ಮುಗಿಸಿ ಬ್ಯಾಂಕಿಗೆ ಹೋಗಬೇಕು. ಗ್ಯಾರೇಜಿನಲ್ಲಿ ವಾರ ಬಿಟ್ಟು ಬನ್ನಿ ಅಂದಿದ್ದರು.

ಕೊನೆಗೆ ಮೇಲಿನ ಮನೆಯ ಎಸಿ ಮೆಕ್ಯಾನಿಕ್ ಅಭಿಷೇಕನೇ ಗಾಳಿ ಎಳೆಯುವ ತನ್ನ ಪಂಪು ಹೊತ್ತು ತಂದು, ಸೋರುತ್ತಿದ್ದ ವಾಷರು ಬದಲಿಸಿ, ಪೈಪು ಸಿಕ್ಕಿಸಿ ಹೇಳಿದ್ದ: "ಒಳಗಿನ ಗಾಳಿ, ತೇವ ಎಲ್ಲಾ ಹೊರಗೆ ಬರ್ಬೇಕು ಗುರಣ್ಣ. ಈ ಮೀಟರಿನ ಮುಳ್ಳು ತಳಕ್ಕಿಳಿದು ಅರ್ಧ ಗಂಟೆ ಆದ್ಮೇಲೆ ವಾಲ್ವು ಮುಚ್ಚಿ ಪಂಪು ಆರಿಸಿ. ಮುಳ್ಳು ಅಲ್ಲಾಡದೆ ನಿಂತ್ರೆ ಸೋರಿಕೆ ಇಲ್ಲ ಅಂತ. ಆಮೇಲೆ ಹೊಸ ಗ್ಯಾಸು ತುಂಬೋಣ."

"ಮುಳ್ಳು ಯಾವಾಗಲೋ ತಳ ಸೇರಿದೆ ಕಣೇ," ಎಂದ ಗುರುಕಿರಣ. "ಒಳಗೆ ಇನ್ನೇನೂ ಉಳಿದಿಲ್ಲ."

"ಏನೂ ಇಲ್ದಿದ್ರೂ ಎಳೀತಾ ಇರ್ಲಿ ಬಿಡಿ. ಆ ಗುಂಯ್ ಅನ್ನೋ ಸದ್ದಿಗೇ ರೀ ಇವಳು ಮಲಗಿರೋದು."

"ಎಸಿ ಸರಿಹೋದ್ರೆ ದಿನಾ ಮಲಗ್ತಾಳಲ್ಲ?"

"ದಿನಾದ್ದು ಆಮೇಲೆ. ಈಗ ಮಲಗಿದಾಳೆ. ನೀವೂ ಸುಮ್ನೆ ಬಂದು ಕೂತ್ಕೊ..." ಮಾತು ಮುಗಿಯುವ ಮೊದಲೇ ಅವಳ ತಲೆ ಸೀಟಿಗೆ ವಾಲಿತು.

ಗುರುಕಿರಣ ಸ್ಟೇರಿಂಗಿನ ಮುಂದೆ ಕೂತ. ಪಂಪು ಒಂದೇ ಶ್ರುತಿಯಲ್ಲಿ ಗುನುಗುತ್ತಿತ್ತು. ಎದುರಿನ ಕಂಬ ಮೆಲ್ಲಗೆ ಹಿಂದಕ್ಕೆ ಸರಿಯಿತು. ಇನ್ನೊಂದು ಕಂಬ. ವಾಚ್‌ಮನ್ನನ ಖಾಲಿ ಕುರ್ಚಿ, ಅಂಗಳದ ಉಯ್ಯಾಲೆ, ಅದರಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಮುದುಕಿ ಎಲ್ಲರೂ ಸಾಲಾಗಿ ತೇಲಿ ಹಿಂದೆ ಹೋದರು. ಬೇವಿನ ಮರಗಳು ಬಂದವು. ಏನೂ ಇಲ್ಲದ ಆ ಪೈಪುಗಳಿಂದ ಅದೆಲ್ಲಿಂದಲೋ ತಣ್ಣನೆಯ ಗಾಳಿ ಬಂದು ಮುಖ ಸವರಿತು.

ಸಂಜೆ ಪಂಪು ಒಯ್ಯಲು ಬಂದ ಅಭಿಷೇಕ್, "ಏನು ಗುರಣ್ಣ, ಇದು ರಿಪೇರಿನೋ ಜೋಗುಳನೋ?" ಎಂದು ಶುರುಮಾಡಿದವನು ಹಿಂದಿನ ಸೀಟು ಕಂಡು ದನಿ ತಗ್ಗಿಸಿದ. "ಆರಿಸ್ಲಾ? ಗ್ಯಾಸು ತುಂಬೋಣ್ವಾ?"

"ತಡಿಯೋ," ಕಣ್ಣು ಮುಚ್ಚಿಕೊಂಡೇ ಗೊಣಗಿದ ಗುರುಕಿರಣ. "ಸರ್ಖೇಜ್ ದಾಟ್ಲಿ."

ಅಭಿಷೇಕನಿಗೆ ನಗು ಬಂತು. ಕಾರಿನ ಬಾನೆಟ್ಟು ತೆರೆದೇ ಇತ್ತು. ಕೀಲಿ ಅಲ್ಲೇ ಸ್ಪ್ಯಾನರುಗಳ ನಡುವೆ ಬಿದ್ದಿತ್ತು. ಸ್ವಿಚ್ಚಿಗೆಂದು ಬಗ್ಗಿದವನು ಹಾಗೇ ನಿಂತ. ಗುರುಕಿರಣನ ಬಲಗಾಲು, ನಿದ್ದೆಯಲ್ಲೇ, ಮೆಲ್ಲಮೆಲ್ಲಗೆ ಬ್ರೇಕನ್ನು ಒತ್ತುತ್ತಿತ್ತು. ಮುಂದೆಲ್ಲೋ ಹಂಪು ಬಂದಿರಬೇಕು.