ಪೇಟೆ ಬೀದಿಯ ಹುಣಸೆ ಬೀಜ

ಅಧ್ಯಕ್ಷ ಚಿತ್ರಲಿಂಗಪ್ಪ ಮಡಕೆಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಶೇಂಗಾ ಬೀಜಗಳು ಉರುಳಿದವು. ಅವುಗಳ ನಡುವೆ ಒಂದು ಹುಣಸೆ ಬೀಜ ಕಪ್ಪಗೆ ಹೊಳೆಯಿತು.

ಸಂಘದ ಕೋಣೆಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿ ನೋಡಿದರು. ಚಿತ್ರಲಿಂಗಪ್ಪ ಎಣಿಸಿದ. ಶೇಂಗಾ ಹದಿನಾರು, ಹುಣಸೆ ಒಂದು. ಸಂಘಕ್ಕೆ ಸೇರಿದ ಅಂಗಡಿಗಳು ಹದಿನೇಳು. ತಪ್ಪು ಎಣಿಕೆಯಲ್ಲಿರಲಿಲ್ಲ.

"ನಮ್ಮೊಳಗೇ ಒಬ್ಬ ಅದಾನೆ," ಎಂದು ಅವನು ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ.

ಹೊಸದುರ್ಗದ ಪೇಟೆ ಬೀದಿ ವರ್ತಕರ ಸಂಘ ಹುಟ್ಟಿದ್ದು ನಲವತ್ತೊಂಬತ್ತರಲ್ಲಿ. ದೊಡ್ಡ ಅಂಗಡಿಯವರು ಒಟ್ಟಾಗಿ ಸಣ್ಣವರನ್ನು ಹೊರಹಾಕಬಾರದೆಂದು ಹಿರಿಯರು ಆಗಲೇ ಒಂದು ಕಟ್ಟು ಮಾಡಿದ್ದರು. ಯಾರನ್ನಾದರೂ ತೆಗೆಯಬೇಕಾದರೆ ಬಾಯಿಗೆ ಬಟ್ಟೆ ಕಟ್ಟಿದ ಮಡಕೆ ಅಂಗಡಿಯಿಂದ ಅಂಗಡಿಗೆ ಹೋಗಬೇಕು. ತೆಗೆಯಿರಿ ಎನ್ನುವವರು ಶೇಂಗಾ ಬೀಜ ಹಾಕಬೇಕು, ಬೇಡ ಎನ್ನುವವರು ಹುಣಸೆ ಬೀಜ. ಬಟ್ಟೆಯ ಕೆಳಗಿನ ಕೈಯನ್ನು ಯಾರೂ ನೋಡಬಾರದು. ಒಂದೇ ಒಂದು ಹುಣಸೆ ಬೀಜ ಬಿದ್ದರೂ ಆ ಮಾತನ್ನು ಮತ್ತೆ ವರ್ಷದವರೆಗೆ ಎತ್ತುವಂತಿಲ್ಲ.

ಇಪ್ಪತ್ತೈದು ವರ್ಷದಲ್ಲಿ ಎರಡು ಸಲ ಮಡಕೆ ಹೊರಟಿತ್ತು. ಎರಡು ಸಲವೂ ಹೆಸರು ಬಂದವರು ನಾಚಿಕೆಗೆ ಅಂಗಡಿ ಮುಚ್ಚಿ ಕೂತಿದ್ದರು, ಬರೀ ಶೇಂಗಾ ಬಿದ್ದಿತ್ತು. ಹೊರಬಿದ್ದವರ ಮೂಟೆಯನ್ನು ಹಮಾಲರು ಮುಟ್ಟಲಿಲ್ಲ. ಸಂಘದ ಚೀಟಿಯಿಲ್ಲದೆ ಎಣ್ಣೆ ಮಿಲ್ಲಿನವರು ಮಾಲು ಕೊಡಲಿಲ್ಲ. ಅವರಲ್ಲೊಬ್ಬ ಈಗ ಹೊಳಲ್ಕೆರೆ ಸಂತೆಯಲ್ಲಿ ಬೇರೆಯವರ ತಕ್ಕಡಿ ಹಿಡಿಯುತ್ತಿದ್ದ. ಇನ್ನೊಬ್ಬ ಎಲ್ಲಿದ್ದಾನೆಂದು ಯಾರೂ ವಿಚಾರಿಸಿರಲಿಲ್ಲ.

ಈ ಸಲದ ಹೆಸರು ದಾಕ್ಷಾಯಣಮ್ಮ. ಗಂಡ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅವಳೇ ಕಿರಾಣಿ ಅಂಗಡಿ ನಡೆಸುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳ ಊಟ, ಓದು ಎಲ್ಲ ಆ ಅಂಗಡಿಯಿಂದಲೇ. ಸಂಘದವರು ಅವಳಿಂದ ತಿಂಗಳ ಚಂದಾ ತಪ್ಪದೆ ತೆಗೆದುಕೊಳ್ಳುತ್ತಿದ್ದರು. ಸಭೆಗೆ ಒಮ್ಮೆಯೂ ಕರೆದಿರಲಿಲ್ಲ. ಎಣ್ಣೆಯ ಅಭಾವದ ಈ ಬೇಸಿಗೆಯಲ್ಲಿ ಸಂಘ ಒಂದು ದರ ಕಟ್ಟಿತು. ಅವಳು ಹಳೆಯ ದರಕ್ಕೇ ಮಾರಿದಳು. ಅವಳ ಅಂಗಡಿಯ ಮುಂದೆ ಬಾಟಲಿ ಹಿಡಿದವರ ಸಾಲು ಬೆಳೆಯಿತು. ಉಳಿದವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಆ ಸಾಲನ್ನು ನೋಡಿದರು.

ಅವಳನ್ನು ತೆಗೆಯಲು ಎಲ್ಲರೂ ಒಪ್ಪಿದ್ದರು. ಇದೇ ಕೋಣೆಯಲ್ಲಿ, ಎಲ್ಲರೆದುರು, ಕೈ ಎತ್ತಿ.

ಚಿತ್ರಲಿಂಗಪ್ಪನ ಕಣ್ಣು ಮೊದಲು ಬಿದ್ದದ್ದು ಹನುಮಂತಯ್ಯನ ಮೇಲೆ. ಬೆಲ್ಲದ ವ್ಯಾಪಾರಿ, ಸಂಘ ಕಟ್ಟಿದವರಲ್ಲಿ ಬದುಕಿ ಉಳಿದ ಒಬ್ಬನೇ ಹಿರಿಯ, ದಾಕ್ಷಾಯಣಮ್ಮನ ಗಂಡನಿಗೆ ಗೆಳೆಯ. ಅವನು ಶೇಂಗಾ ಹಾಕಿದೆ ಎಂದ. ದೇವರ ಪಟ ಮುಟ್ಟಿ ಹೇಳು ಎಂದರು. ಮುದುಕ ಪಟವನ್ನೂ ಮುಟ್ಟಿದ, ಆಮೇಲೆ ಚಪ್ಪಲಿ ಮೆಟ್ಟಿದ.

"ನಾಚ್ಕಿ ಬಿಟ್ಟು ಆ ಹುಡುಗಿ ಹೊಟ್ಟೆ ಮೇಲೆ ಹೊಡದೀನಿ, ನಿಮ್ ಮಾತು ಕಟ್ಕಂಡು. ಈಗ ಅದಕ್ಕೂ ಆಣೆ ಮಾಡ್ಸಿದ್ರಿ. ನನ್ ಹೆಸರು ಬೋರ್ಡಿನ್ಯಾಗಿಂದ ಅಳಿಸ್ರಿ."

ಅವನು ಹೋದ ಮೇಲೆ ಚಿತ್ರಲಿಂಗಪ್ಪ ಹೆಂಡತಿಯ ತಮ್ಮ ಓಬಳೇಶಪ್ಪನತ್ತ ತಿರುಗಿದ. ಹಿಂದಿನ ತಿಂಗಳು ದಾಕ್ಷಾಯಣಮ್ಮನಿಗೆ ಎರಡು ಡಬ್ಬ ಎಣ್ಣೆ ಕೊಟ್ಟವನು ಅವನೇ.

"ಲೇ ಓಬಳೇಶ, ಎಣ್ಣೆ ಜೊತೆ ಬೀಜಾನೂ ಕೊಟ್ಟೇನಲೇ?"

"ನಾನು ಹಾಕಿದ್ದು ಶೇಂಗಾ, ಭಾವ. ಎಲ್ಲಾರ್ನೂ ಕೇಳ್ತಾ ಇದೀಯಲ್ಲ, ನೀನು ಏನು ಹಾಕ್ದೆ?"

ಆ ಪ್ರಶ್ನೆ ಕೋಣೆಯೊಳಗೇ ಉಳಿಯಲಿಲ್ಲ. ಸಂಜೆಯೊಳಗೆ ಅಧ್ಯಕ್ಷನೇ ಹಾಕಿರಬಹುದು, ವಿಧವೆಯ ಅಂಗಡಿಯ ಮೇಲೆ ಅವನಿಗೆ ಬೇರೆ ಕಣ್ಣಿದೆ ಎಂಬಲ್ಲಿಗೆ ಮಾತು ಬೆಳೆದಿತ್ತು. ಉಪ್ಪಿನ ವ್ಯಾಪಾರಿ ಬೇಳೆಯವನ ಕೊರಳಪಟ್ಟಿ ಹಿಡಿದ. ಚಿತ್ರಲಿಂಗಪ್ಪನ ಹೆಂಡತಿ ತಮ್ಮನಿಗಾದ ಅವಮಾನಕ್ಕೆ ಗಂಡನ ಮುಂದೆ ತಟ್ಟೆ ಇಟ್ಟು ಒಳಗೆ ಹೋದಳು, ಬಡಿಸಲಿಲ್ಲ.

ಮರುದಿನ ಬೆಳಿಗ್ಗೆ ಅವನು ನೇರವಾಗಿ ದಾಕ್ಷಾಯಣಮ್ಮನ ಅಂಗಡಿಗೇ ಹೋದ. ಅವಳು ಅಕ್ಕಿ ಅಳೆಯುತ್ತಿದ್ದಳು. ಸೇರನ್ನು ಕೆಳಗಿಡಲಿಲ್ಲ.

"ಯಾರಮ್ಮ ಅವನು, ನಿನ್ನ ಕಡೆಯೋನು?"

"ನನ್ ಕಡೆ ಇರೋದೇ ಒಬ್ರು. ಹೆಸರು ಹೇಳಿದ್ರೆ ಅವರ ಅಂಗಡಿ ಮುಂದೆ ಹೋಗಿ ನಿಂತ್ಕಂತೀರಿ."

"ನಿಂತ್ಕಳ್ಳೋದಲ್ಲ, ಬಾಗಿಲು ಹಾಕಸ್ತೀನಿ."

"ನಿಮ್ ಕೈಲಿ ಆಗದಿಲ್ಲ ಬಿಡ್ರಿ," ಎಂದಳು. ಅವನ ಹಿಂದೆ ನಿಂತವರನ್ನು ನೋಡಿ, "ಸ್ವಲ್ಪ ಸರಕಳ್ರಿ, ಗಿರಾಕಿ ಬಂದಾರೆ," ಎಂದಳು.

ಅವಳು ಸೇರನ್ನು ಚೀಲಕ್ಕೆ ಸುರಿದಳು. ಅಕ್ಕಿ ಒಂದಿಷ್ಟು ಹೊರಗೆ ಚೆಲ್ಲಿತು. ಅದನ್ನು ಕಂಡ ಚಿತ್ರಲಿಂಗಪ್ಪನಿಗೆ ತನ್ನ ಊಹೆ ಸರಿ ಎನಿಸಿತು. ಯಾರನ್ನೋ ಕಾಪಾಡುತ್ತಿದ್ದಾಳೆ.

ವಾರದೊಳಗೆ ನಾಲ್ಕು ಅಂಗಡಿಯವರು ಸಂಘ ಬಿಟ್ಟರು. ಕಟ್ಟಿದ ದರ ಮುರಿದುಬಿತ್ತು. ಒಬ್ಬರ ಮೇಲೊಬ್ಬರು ಎಣ್ಣೆಯ ಬೆಲೆ ಇಳಿಸಿದರು. ಸಂಘದ ಬೆಳ್ಳಿಹಬ್ಬಕ್ಕೆಂದು ಅಚ್ಚಾದ ಕರಪತ್ರಗಳು ಪೊಟ್ಟಣ ಕಟ್ಟಲು ಹೋದವು.

ಕೊನೆಗೆ ಚಿತ್ರಲಿಂಗಪ್ಪ ಜವಾನ ಕೆಂಚಣ್ಣನನ್ನು ಕರೆಸಿದ. ಅಂದು ಮಡಕೆ ಹೊತ್ತು ಬೀದಿ ಸುತ್ತಿದವನು ಕೆಂಚಣ್ಣ. ಸಂಘದ ಶುರುವಿನಿಂದಲೂ ಅವನೇ ಜವಾನ, ಚಂದಾ ಎತ್ತುವವನೂ ಅವನೇ. ಅಧ್ಯಕ್ಷ ಎಂದೂ ಇಲ್ಲದ ಹಾಗೆ ಅವನನ್ನು ಬೆಂಚಿನ ಮೇಲೆ ಕೂರಿಸಿ ಚಾ ತರಿಸಿದ. ಮಡಕೆಯೊಳಗಿನ ಕೈಯನ್ನು ತಾನು ನೋಡುವವನಲ್ಲ ಎಂದು ಮುದುಕ ಮೊದಲೇ ಹೇಳಿಬಿಟ್ಟ.

"ಕೈ ಬ್ಯಾಡಪ್ಪ. ಹಾಕಾಕೆ ಯಾರು ಹಿಂದೆ ಮುಂದೆ ನೋಡಿದ್ರು, ಯಾರ ಅಂಗಡಿಯಾಗೆ ನಿಂಗೆ ತಡ ಆತು, ಅಷ್ಟು ಹೇಳು."

ಕೆಂಚಣ್ಣ ಚಾ ಮುಗಿಸಿ ಲೋಟ ಕೆಳಗಿಟ್ಟ.

"ಎಲ್ಲಾರೂ ಬಿರ್‍ರನೆ ಹಾಕಿದ್ರು ಸ್ವಾಮಿ. ದಾಕ್ಷಾಯಣಮ್ಮಾರ ಅಂಗಡಿಯಾಗೆ ಮಾತ್ರ ಗಿರಾಕಿ ಜಾಸ್ತಿ ಇದ್ರು, ಅವರು ಬೀಜ ಹಾಕೋಗಂಟ ಒಂದೀಟು ಕಾಯಬೇಕಾತು."