ಹಳೆಯ ಮುಚ್ಚಳ

"ಮಾವ, ಇಲ್ನೋಡು, ಇದು ನನ್ನ ಕೈ ಹಿಡ್ಕೊಳ್ಳತ್ತೆ," ಎಂದು ಹಾಟ್ ಟಬ್ಬಿನೊಳಗಿಂದ ತಂಗಿಯ ಮಗಳು ಕರೆದಳು. ಪಂಪು ನೀರೆಳೆಯುವ ಬಾಯಿಗೆ ಹಾಕಿದ್ದ ಜಾಲರಿ ಮುಚ್ಚಳಕ್ಕೆ ಅಂಗೈ ಒತ್ತಿದ್ದಳು. ಬಿಡಿಸಿಕೊಳ್ಳಲು ಇನ್ನೊಂದು ಕೈಯೂ ಬೇಕಾಯಿತು. ಬಿಡಿಸಿಕೊಂಡು ನಕ್ಕಳು. ಅವಳ ಬಿಚ್ಚುಗೂದಲು, ಯಾರೋ ಮೆಲ್ಲಗೆ ಎಳೆದಂತೆ, ಆ ಜಾಲರಿಯ ಕಡೆಗೇ ಸಾಗುತ್ತಿತ್ತು.

ಪಂಪ್ ಮೆಕ್ಯಾನಿಕ್ ಆಗಿದ್ದ ಮಾವ ಪಕ್ಕದಲ್ಲೇ ಕೂತಿದ್ದ. ಒಂದೇ ನೆಗೆತಕ್ಕೆ ಹೋಗಿ ಮೋಟರಿನ ಸ್ವಿಚ್ ಆರಿಸಿದ. ಕೂದಲು ನಿಂತ ನೀರಿನಲ್ಲಿ ಹರಡಿಕೊಂಡಿತು.

"ಚೆನ್ನಾಗಿ ಓಡ್ತಿರೋದನ್ನ ಯಾಕಣ್ಣ ಆರಿಸ್ದೆ?" ಎಂದಳು ತಂಗಿ. "ಎಷ್ಟು ಚೆನ್ನಾಗಿ ಮಾಡಿದೀಯ, ನಿನ್ನ ಕೆಲಸಕ್ಕೆ ನನ್ನ ದೃಷ್ಟಿನೇ ತಾಗತ್ತೇನೋ ಅಂದ್ಕೋತಿದ್ದೆ."

ಹಳೆಯ ಮೋಟರಿನಲ್ಲಿ ಜೋರಿಲ್ಲ ಎಂದು ಅವಳು ಗೊಣಗಿದ್ದಕ್ಕೆ, ಅದರ ಎರಡರಷ್ಟು ಎಳೆಯುವುದನ್ನು ಮೊನ್ನೆ ಅವನೇ ತಂದು ಕೂರಿಸಿದ್ದ. ಮುಚ್ಚಳ ಮಾತ್ರ ಹಳೆಯದೇ, ಹಳೆಯ ಎಳೆತಕ್ಕೆ ಮಾಡಿದ್ದು; ಈ ಎಳೆತಕ್ಕೆ ಕೂದಲು ಅದರಲ್ಲಿ ಸಿಕ್ಕಿಕೊಂಡರೆ ತಲೆ ನೀರಿನಿಂದ ಮೇಲೇಳದು. ಮುರಿದಿಲ್ಲವಲ್ಲ, ಸುಮ್ಮನೆ ಯಾಕೆ ಕೈ ಹಾಕೋದು ಎಂದುಕೊಂಡಿದ್ದ. ಈ ಬೇಸಿಗೆಯಲ್ಲಿ ದೊಡ್ಡ ಮೋಟರ್ ಹಾಕಿದ ಮನೆಗಳಲ್ಲೆಲ್ಲ ಹಾಗೆಯೇ ಅಂದುಕೊಂಡಿದ್ದ.

"ಮಗೂನ ಮೊದಲು ಹೊರಗೆ ಕರ್ಕೋ," ಎಂದು ಫೋನ್ ತೆಗೆದ. ಇವತ್ತು ಬೆಳಿಗ್ಗೆ ದೊಡ್ಡ ಮೋಟರ್ ಕೂರಿಸಿ ಬಂದಿದ್ದ ಮನೆಯಲ್ಲಿ ಅವಳಿ ಹುಡುಗಿಯರಿದ್ದರು, ಸೊಂಟ ದಾಟುವ ಕೂದಲಿನವರು. ಅವನು ಸ್ಪ್ಯಾನರ್ ಎತ್ತಿಡುವ ಮೊದಲೇ ಟವಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಮನೆಯ ನಂಬರಿಗೆ ರಿಂಗ್ ಆಗಿ ಆಗಿ ನಿಂತುಹೋಯಿತು. ಮತ್ತೆ ಒತ್ತಿದ.

"ಯಾರೂ ಎತ್ತುತ್ತಿಲ್ವಾ?" ಮಗಳ ತಲೆ ಒರೆಸುತ್ತ ತಂಗಿ ಕೇಳಿದಳು. "ನೀರಲ್ಲಿರ್ತಾರೆ, ಬಿಡು."